ವೀಣೆಯ ವಿಶೇಷಾಂಕದ ಮುಖಪುಟ: ಅಡ್ಡ ಚಿತ್ರವನ್ನು ಉದ್ದ ಪುಟಕ್ಕೆ ಹೊಂದಿಸುವುದು ಹೇಗೆ?

ಪ್ರಶ್ನೆ: ಶ್ರೋತೃ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಸಂಗೀತ ಸಭೆಯು ಮೂರು ತಿಂಗಳಿಗೊಮ್ಮೆ ಹೊರತರುವ ಪುಟ್ಟ ಪತ್ರಿಕೆಗೆ ಈವರೆಗೆ ಮುದ್ರಣಾಲಯದವರೇ ಮುಖಪುಟ ಮಾಡಿಕೊಡುತ್ತಿದ್ದರು. ಪ್ರತಿ ಸಲವೂ ಹಿನ್ನೆಲೆಯ ಬಣ್ಣವೊಂದು ಬದಲಾಗುತ್ತಿತ್ತು, ಮೂಲೆಯಲ್ಲಿದ್ದ ಸರಸ್ವತಿಯ ರೇಖಾಚಿತ್ರ ಮಾತ್ರ ವರ್ಷಗಳಿಂದ ಅದೇ ಇತ್ತು. ಮುಂದಿನ ಸಂಚಿಕೆಯು ಮೈಸೂರಿನ ವೀಣಾ ಪರಂಪರೆಯ ವಿಶೇಷಾಂಕವಾದ್ದರಿಂದ ಈ ಬಾರಿ ಛಾಯಾಚಿತ್ರವನ್ನೇ ಬಳಸಬೇಕೆಂದು ಸಂಪಾದಕ ಮಂಡಳಿ ತೀರ್ಮಾನಿಸಿತು. ಸಭೆಯಲ್ಲಿ ಕಂಪ್ಯೂಟರ್ ಮುಟ್ಟಲು ಹೆದರದವನು ನಾನೊಬ್ಬನೇ ಆದ್ದರಿಂದ ಕೆಲಸ ನನ್ನ ಪಾಲಿಗೆ ಬಂದಿತು. ಹಣ ಕೊಟ್ಟು ತಂತ್ರಾಂಶ ಕೊಳ್ಳುವ ಅನುಕೂಲ ನಮಗಿಲ್ಲದಿರುವುದರಿಂದ ಗಿಂಪ್ 3.0 ಎಂಬ ಉಚಿತ ಚಿತ್ರ ತಂತ್ರಾಂಶವನ್ನು ಬಳಸುತ್ತಿದ್ದೇನೆ.

ಆರಿಸಿರುವ ಚಿತ್ರವು ನಮ್ಮ ಸಭೆಯಲ್ಲೇ ಕಳೆದ ವರ್ಷ ನಡೆದ ಯುವ ವೈಣಿಕರೊಬ್ಬರ ಕಚೇರಿಯದು. ಮೊದಲು ವಾಟ್ಸ್‌ಆ್ಯಪ್‌ನಲ್ಲಿ ನನಗೆ ತಲುಪಿದ ಚಿತ್ರ ಉದ್ದದ ಬದಿಯಲ್ಲಿ 1600 ಪಿಕ್ಸೆಲ್ ಮಾತ್ರ ಇತ್ತು. ಛಾಯಾಗ್ರಾಹಕರನ್ನು ಕೇಳಿ ಮೂಲ ಕಡತವನ್ನು ತರಿಸಿಕೊಂಡ ಮೇಲೆ 6000×4000 ಪಿಕ್ಸೆಲ್ ದೊರೆತಿದೆ. ವೀಣೆಯು ಒಂದು ತುದಿಯ ಕೊಡದಿಂದ (ನಾದ ಹೊಮ್ಮುವ ದುಂಡನೆಯ ಭಾಗ) ಇನ್ನೊಂದು ತುದಿಯ ಯಾಳಿಯ ಮುಖದವರೆಗೆ (ಸಿಂಹದಂತಹ ಕೆತ್ತನೆ) ಸುಮಾರು 700ನೆಯ ಪಿಕ್ಸೆಲ್‌ನಿಂದ 5300ರವರೆಗೆ ಹರಡಿದೆ, ಕಲಾವಿದೆಯ ಮುಖ ಸರಿಯಾಗಿ ನಡುವಿನಲ್ಲಿದೆ. ಪತ್ರಿಕೆ ಎ4 ಅಳತೆಯದು, 48 ಪುಟ, ಸೆಂಟರ್ ಪಿನ್ (ನಡುಮಡಿಕೆಯಲ್ಲಿ ಪಿನ್ ಹೊಡೆದದ್ದು).

ವೀಣೆ ಅಡ್ಡಲಾಗಿ ಮಲಗಿರುವ ವಾದ್ಯ, ನಮ್ಮ ಪುಟವೋ ಎದ್ದು ನಿಂತಿರುವಂಥದ್ದು. ಪುಟದ ಎತ್ತರಕ್ಕೆ ಹೊಂದಿಸಿದರೆ ವೀಣೆ ಅರ್ಧಕ್ಕಿಂತ ಹೆಚ್ಚು ಕತ್ತರಿಸಿಹೋಗುತ್ತದೆ, ಅಗಲಕ್ಕೆ ಹೊಂದಿಸಿದರೆ ಅಂಚೆಚೀಟಿಯಂತೆ ಕಾಣುತ್ತದೆ. ಸದ್ಯಕ್ಕೆ ಕೊಡದ ಭಾಗವು ಬಲಗಡೆಗೆ ಬಂದರೆ ಪುಟ ತುಂಬಿದಂತೆ ತೋರುವುದೆಂದು ಚಿತ್ರವನ್ನು ಎಡಬಲ ತಿರುಗಿಸಿಟ್ಟಿದ್ದೇನೆ. ಇದಲ್ಲದೆ ವೇದಿಕೆಗೆ ಹಾಕಿದ್ದ ನೀಲಿ ದೀಪಗಳಿಂದ ಕಲಾವಿದೆಯ ಕೆನ್ನೆ, ಕೈ, ವೀಣೆಯ ದಂಡಿ ಎಲ್ಲವೂ ನೀಲಿಯಾಗಿವೆ. ಪತ್ರಿಕೆಯ ಹೆಸರಿನಲ್ಲಿ ಎರಡು ಒತ್ತಕ್ಷರಗಳಿದ್ದು, ಹೆಸರನ್ನು ಪುಟದ ಅಗಲಕ್ಕೆ ಸರಿಯಾಗಿ ಹರಡಲು ಅಕ್ಷರಗಳ ನಡುವಿನ ಅಂತರ ಹೆಚ್ಚಿಸಿದಾಗ ಅದೇಕೋ ಓದಲು ಮುಜುಗರವಾಗುವಂತೆ ಕಾಣುತ್ತಿದೆ. ಅನುಭವವಿರುವವರು ದಾರಿ ತೋರಿಸಬೇಕಾಗಿ ವಿನಂತಿ.


ಉತ್ತರ: ಅಕ್ಷರವಿನ್ಯಾಸಿ (ಬೆಂಗಳೂರು)

ಶ್ರೋತೃ ಅವರೇ, ಮೂಲ ಕಡತವನ್ನು ಹಟ ಹಿಡಿದು ತರಿಸಿಕೊಂಡಿದ್ದೀರಲ್ಲ, ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. 1600 ಪಿಕ್ಸೆಲ್‌ನ ಚಿತ್ರವನ್ನು ಇಂಚಿಗೆ 300 ಪಿಕ್ಸೆಲ್ಲಿನಂತೆ ಅಚ್ಚು ಹಾಕಿದರೆ ಹದಿಮೂರೂವರೆ ಸೆಂಟಿಮೀಟರ್‌ನಷ್ಟೇ ಆಗುತ್ತದೆ. ಅದನ್ನು ಹಿಗ್ಗಿಸಿ ಮುಖಪುಟ ಮಾಡಿದವರ ಪತ್ರಿಕೆಗಳನ್ನು ನಾವೆಲ್ಲ ಸಾಕಷ್ಟು ನೋಡಿದ್ದೇವೆ.

ಗಿಂಪ್‌ನಲ್ಲಿ ಹೊಸ ಕಡತ ತೆರೆಯುವಾಗ 210×297 ಮಿ.ಮೀ. ಎಂದು ಕೊಡಬೇಡಿ. ಕತ್ತರಿಸುವ ಯಂತ್ರ ಕೂದಲೆಳೆಯಷ್ಟು ಆಚೀಚೆ ಸರಿದರೂ ಅಂಚಿನಲ್ಲಿ ಬಿಳಿ ಗೆರೆ ಕಾಣದಂತೆ ನಾಲ್ಕೂ ಕಡೆ 3 ಮಿ.ಮೀ. ಬ್ಲೀಡ್ (ಕತ್ತರಿಸಿ ತೆಗೆಯುವ ಹೆಚ್ಚುವರಿ ಅಂಚು) ಇರಬೇಕಾದ್ದರಿಂದ 216×303 ಮಿ.ಮೀ., ಅಂದರೆ 2551×3579 ಪಿಕ್ಸೆಲ್ ಇಟ್ಟುಕೊಳ್ಳಿ. ಕತ್ತರಿ ಬೀಳುವ ಗೆರೆಯಿಂದ ಒಳಗೆ ಕನಿಷ್ಠ 8 ಅಥವಾ 10 ಮಿ.ಮೀ. ಬಿಟ್ಟು ಗೈಡ್ ಗೆರೆಗಳನ್ನು ಎಳೆದು, ಯಾವ ಅಕ್ಷರವೂ ಅದನ್ನು ದಾಟದಂತೆ ನೋಡಿಕೊಳ್ಳಿ.

ನಿಮ್ಮ ಚಿತ್ರವನ್ನು ಎತ್ತರಕ್ಕೆ ಹೊಂದಿಸಿದರೆ 6000 ಪಿಕ್ಸೆಲ್ ಅಗಲದಲ್ಲಿ 2851 ಮಾತ್ರ ಉಳಿಯುತ್ತದೆ. ಅಗಲಕ್ಕೆ ಹೊಂದಿಸಿದರೆ ಚಿತ್ರದ ಎತ್ತರ 144 ಮಿ.ಮೀ. ಆಗಿ, ಪುಟದ ಅರ್ಧಕ್ಕಿಂತ ಹೆಚ್ಚು ಖಾಲಿ ಬೀಳುತ್ತದೆ. ನನ್ನ ಸಲಹೆ ಬೇರೆಯೇ ಇದೆ. ಮುಂದಿನ ಮತ್ತು ಹಿಂದಿನ ರಕ್ಷಾಪುಟಗಳನ್ನು ಒಂದೇ ಹಾಳೆಯೆಂದು ಭಾವಿಸಿ 426×303 ಮಿ.ಮೀ. ಅಳತೆಯಲ್ಲಿ ವೀಣೆಯನ್ನು ಪೂರ್ತಿ ಮಲಗಿಸಿಬಿಡಿ. ಪತ್ರಿಕೆಯನ್ನು ಬಿಡಿಸಿ ಹರವಿದಾಗ ಇಡೀ ವೀಣೆ ಕಾಣುತ್ತದೆ, ಮಡಿಸಿದಾಗ ಮುಂದೆ ಯಾಳಿ, ಬಿರಡೆ, ದಂಡಿಯ ಮೆಟ್ಟಿಲುಗಳ (ಸ್ವರಸ್ಥಾನದ ಲೋಹದ ಪಟ್ಟಿಗಳ) ಮೇಲೆ ಓಡುವ ಬೆರಳುಗಳು ಉಳಿಯುತ್ತವೆ. ಆದರೆ ಮುಖವು ಚಿತ್ರದ ನಟ್ಟನಡುವೆ ಇದೆ ಎಂದಿದ್ದೀರಿ. ಹಾಗೆಯೇ ಬಿಟ್ಟರೆ ಮಡಿಕೆ ಸರಿಯಾಗಿ ಮೂಗಿನ ಮೇಲೆ ಬಿದ್ದು, ಎರಡು ಪಿನ್ನುಗಳೂ ಅದೇ ಗೆರೆಯಲ್ಲಿ ಹೊಕ್ಕುತ್ತವೆ. ಎಡಗಡೆ ವೇದಿಕೆಯ ಕತ್ತಲಿರುವುದಾದರೆ ಚಿತ್ರದ ಒಂದು ಭಾಗವನ್ನು ಇನ್ನೊಂದೆಡೆ ನಕಲಿಸುವ ಕ್ಲೋನ್ ಸಾಧನದಿಂದ ಆ ಕತ್ತಲನ್ನು 1000 ಪಿಕ್ಸೆಲ್‌ನಷ್ಟು ಬೆಳೆಸಿ. ಆಗ ಮುಖ ಮಡಿಕೆಯಿಂದ ಸುಮಾರು 30 ಮಿ.ಮೀ. ಬಲಕ್ಕೆ ಸರಿದು ಮುಂದಿನ ಪುಟಕ್ಕೆ ಸೇರುತ್ತದೆ. ಮೇಲೂ ಅಷ್ಟಿಷ್ಟು ಕತ್ತಲನ್ನು ಸೇರಿಸಬೇಕಾಗುತ್ತದೆ, ಅದು ಹೆಸರಿಗೆ ಜಾಗವಾಗುತ್ತದೆ.


ಉತ್ತರ: ವೈಣಿಕ ವಿದ್ಯಾರ್ಥಿನಿ (ಶಿವಮೊಗ್ಗ)

ಶ್ರೋತೃ ಅವರಲ್ಲಿ ಒಂದೇ ಒಂದು ವಿಷಯವನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ: ದಯವಿಟ್ಟು ಚಿತ್ರವನ್ನು ಎಡಬಲ ತಿರುಗಿಸಬೇಡಿ. ವೀಣೆಯ ಕೊಡ ನುಡಿಸುವವರ ಬಲಗಡೆ ನೆಲದ ಮೇಲಿರುತ್ತದೆ, ಸೋರೆಬುರುಡೆ ಎಡತೊಡೆಯ ಮೇಲಿರುತ್ತದೆ. ಆದ್ದರಿಂದ ಸಭಿಕರ ಕಣ್ಣಿಗೆ ಕೊಡ ಯಾವಾಗಲೂ ಎಡಗಡೆಯೇ ಕಾಣಬೇಕು. ನೀವು ತಿರುಗಿಸಿದ ಚಿತ್ರದಲ್ಲಿ ಕಲಾವಿದೆ ಎಡಗೈಯಲ್ಲಿ ಮೀಟಿ ಬಲಗೈಯಲ್ಲಿ ಸ್ವರ ಹಿಡಿಯುತ್ತಿರುತ್ತಾರೆ, ಸೀರೆಯ ಸೆರಗು ಬಲಭುಜದ ಮೇಲೆ ಬಿದ್ದಿರುತ್ತದೆ, ಪಕ್ಕದಲ್ಲಿ ಮೃದಂಗದವರಿದ್ದರೆ ಅವರ ಕೈಗಳೂ ಅದಲುಬದಲಾಗಿರುತ್ತವೆ. ನಿಮ್ಮ ಪತ್ರಿಕೆಯ ಓದುಗರಲ್ಲಿ ಅರ್ಧದಷ್ಟಾದರೂ ಮಂದಿ ಸಂಗೀತ ಬಲ್ಲವರಾಗಿರುತ್ತಾರೆ. ಅವರು ಒಳಗಿನ ಲೇಖನವನ್ನು ಓದುವ ಮೊದಲೇ ಈ ತಪ್ಪನ್ನು ಕಂಡುಹಿಡಿದು ಫೋನು ಮಾಡುತ್ತಾರೆ.

ಹಾಗೆಯೇ ವೀಣೆಯನ್ನು ಎಲ್ಲಾದರೂ ಕತ್ತರಿಸಲೇಬೇಕಾದ ಪ್ರಸಂಗ ಬಂದರೆ ಕೊಡದ ಹೊರ ಅಂಚನ್ನು ಬಿಡಬಹುದು, ಆದರೆ ಕುದುರೆ (ತಂತಿಗಳನ್ನು ಹೊತ್ತ ಸೇತುವೆ) ಕಾಣಿಸುತ್ತಿರಲಿ. ತಂತಿಗಳು ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತಿರುವಂತೆ ಕಂಡರೆ ಅದು ವೀಣೆಯ ಚಿತ್ರವೆನಿಸುವುದಿಲ್ಲ.

ಇನ್ನೊಂದು ಎಚ್ಚರಿಕೆಯೂ ಇದೆ. ಚಿತ್ರವನ್ನು ಚೂಪುಗೊಳಿಸಲು ಈಚೆಗೆ ಬಂದಿರುವ ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಬಳಸಿದರೆ, ಬಳಸಿದ ಮೇಲೆ ಮೆಟ್ಟಿಲುಗಳನ್ನೂ ತಂತಿಗಳನ್ನೂ ಒಂದೊಂದಾಗಿ ಎಣಿಸಿ. ಮೆಟ್ಟಿಲುಗಳು 24 ಇರಬೇಕು, ತಂತಿಗಳು ಮೆಟ್ಟಿಲ ಮೇಲೆ ನಾಲ್ಕು, ಪಕ್ಕದ ತಾಳದ ತಂತಿ ಮೂರು, ಒಟ್ಟು ಏಳು ಇರಬೇಕು. ನಮ್ಮ ಗುರುಗಳ ಚಿತ್ರವೊಂದನ್ನು ಆಹ್ವಾನ ಪತ್ರಿಕೆಗಾಗಿ ಯಾರೋ ಹೀಗೆ ‘ಉತ್ತಮಪಡಿಸಿ’ ಕೊಟ್ಟಾಗ ಮೀಟುವ ಕೈಗೆ ಆರು ಬೆರಳುಗಳು ಬಂದಿದ್ದವು. ಅಚ್ಚಾಗಿ ಹಂಚುವವರೆಗೆ ಯಾರೂ ಗಮನಿಸಿರಲಿಲ್ಲ.


ಉತ್ತರ: ಅಚ್ಚಿನಮನೆ (ಹುಬ್ಬಳ್ಳಿ)

ಮೂವತ್ತು ವರ್ಷಗಳಿಂದ ಆಫ್‌ಸೆಟ್ ಮುದ್ರಣದಲ್ಲಿರುವವನಾಗಿ ನೀಲಿ ಬಣ್ಣದ ಬಗ್ಗೆ ಮೊದಲು ಹೇಳುತ್ತೇನೆ. ಪರದೆಯ ಮೇಲೆ ಬೆಳಗುವ ಆ ದಟ್ಟ ನೀಲಿಯನ್ನು ನಾಲ್ಕು ಬಣ್ಣದ ಶಾಯಿಗಳಿಂದ ಕಾಗದದ ಮೇಲೆ ತರಲು ಸಾಧ್ಯವಿಲ್ಲ. ಅದು ನೇರಳೆಯ ಕಡೆಗೆ ವಾಲಿ, ಮಂಕಾಗಿ, ಹಳೆಯ ಕಾರ್ಬನ್ ಕಾಗದದ ಬಣ್ಣಕ್ಕೆ ಇಳಿಯುತ್ತದೆ. ನಮ್ಮಲ್ಲಿಗೆ ಬರುವ ಗ್ರಾಹಕರಲ್ಲಿ ಬಹುತೇಕರು ಮೊಬೈಲ್ ಪರದೆಯನ್ನು ಅಚ್ಚಾದ ಹಾಳೆಯ ಪಕ್ಕ ಹಿಡಿದು ಜಗಳಕ್ಕೆ ನಿಲ್ಲುವುದು ಈ ಬಣ್ಣದ ಸಲುವಾಗಿಯೇ. ಗಿಂಪ್ 3.0ರಲ್ಲಿ ಸಿಎಂವೈಕೆ (ನಾಲ್ಕು ಶಾಯಿಗಳ) ಪ್ರೊಫೈಲ್ ಒಂದನ್ನು ಕೊಟ್ಟು ಸಾಫ್ಟ್ ಪ್ರೂಫ್, ಎಂದರೆ ಅಚ್ಚಿನಲ್ಲಿ ಬರುವ ಬಣ್ಣದ ಅಂದಾಜನ್ನು ಪರದೆಯಲ್ಲೇ ನೋಡುವ ಸೌಲಭ್ಯವಿದೆ. ನಿಮ್ಮ ಮುದ್ರಣಾಲಯದವರನ್ನು ಯಾವ ಪ್ರೊಫೈಲ್ ಎಂದು ಕೇಳಿ, ಅದನ್ನು ಹಾಕಿಕೊಂಡು ಒಮ್ಮೆ ನೋಡಿದರೆ ಆಘಾತವೆಲ್ಲ ಮನೆಯಲ್ಲೇ ಆಗಿಹೋಗುತ್ತದೆ.

ಎಲ್‌ಇಡಿ ನೀಲಿ ದೀಪದಡಿ ತೆಗೆದ ಚಿತ್ರದಲ್ಲಿ ಬಣ್ಣವನ್ನು ಸರಿಪಡಿಸಲು ಹೊರಡುವುದು ಬಹುಪಾಲು ವ್ಯರ್ಥ ಶ್ರಮ. ಆ ಬೆಳಕಿನಲ್ಲಿ ಕೆಂಪಿನ ಅಂಶವೇ ಇಲ್ಲದಿರುವಾಗ ಚರ್ಮದ ಬಣ್ಣವನ್ನು ಯಾವ ತಂತ್ರಾಂಶವೂ ಮರಳಿ ತರಲಾರದು. ಚಾನೆಲ್‌ಗಳನ್ನು (ಚಿತ್ರದ ಕೆಂಪು, ಹಸಿರು, ನೀಲಿ ಪದರಗಳನ್ನು) ಒಂದೊಂದಾಗಿ ತೆರೆದು ನೋಡಿ: ನೀಲಿ ಚಾನೆಲ್‌ನಲ್ಲಿ ಕೆನ್ನೆ, ಹಣೆ ಎಲ್ಲ ಬೆಳ್ಳಗೆ ಸುಟ್ಟುಹೋಗಿರುತ್ತವೆ, ಕೆಂಪು ಚಾನೆಲ್ ಹೆಚ್ಚುಕಡಿಮೆ ಕತ್ತಲಾಗಿದ್ದು ಕಾಳುಕಾಳಾಗಿರುತ್ತದೆ, ಹಸಿರಿನಲ್ಲಿ ಮಾತ್ರ ಮುಖದ ಏರಿಳಿತಗಳು ಉಳಿದಿರುತ್ತವೆ. ಆದ್ದರಿಂದ ಕಲರ್ಸ್ ಪಟ್ಟಿಯಲ್ಲಿ ಡಿಸ್ಯಾಚುರೇಟ್ ಕೆಳಗಿರುವ ಮೋನೋ ಮಿಕ್ಸರ್ ತೆರೆದು, ಹಸಿರಿಗೆ ಹೆಚ್ಚಿನ ಪಾಲು ಕೊಟ್ಟು ಕಪ್ಪುಬಿಳುಪು ಚಿತ್ರ ಮಾಡಿಕೊಳ್ಳಿ. ಅನಂತರ ಗ್ರೇಡಿಯಂಟ್ ಮ್ಯಾಪ್‌ನಿಂದ ನೆರಳುಗಳಿಗೆ ಕಡುಕಂದು, ಬೆಳಕಿಗೆ ಕೆನೆಬಣ್ಣ ಕೊಟ್ಟರೆ ವೀಣೆಯ ಮರಕ್ಕೂ ಅದು ಒಪ್ಪುತ್ತದೆ, ಪರಂಪರೆಯ ವಿಶೇಷಾಂಕಕ್ಕೂ ಒಪ್ಪುತ್ತದೆ. ಛಾಯಾಗ್ರಾಹಕರ ಬಳಿ ರಾ ಕಡತ (ಕ್ಯಾಮೆರಾದ ಸಂಸ್ಕರಿಸದ ಮೂಲ ಕಡತ) ಇದ್ದರೆ ಅದನ್ನೇ ಕೇಳಿ, ಅದರಲ್ಲಿ ಇನ್ನೂ ಸ್ವಲ್ಪ ವಿವರ ಸಿಗಬಹುದು. ಕೇಳುವಾಗಲೇ ಮುಖಪುಟದಲ್ಲಿ ಬಳಸಲು ಒಪ್ಪಿಗೆಯನ್ನು ಎರಡು ಸಾಲಿನಲ್ಲಾದರೂ ಬರೆಸಿಕೊಳ್ಳಿ. ನೀವು ಹಣ ಕೊಟ್ಟು ತೆಗೆಸಿದ ಚಿತ್ರವಲ್ಲವಾದರೆ ಅದರ ಹಕ್ಕು ತೆಗೆದವರದೇ.

ಕತ್ತಲ ಹಿನ್ನೆಲೆಯ ಬಗ್ಗೆಯೂ ಗಮನವಿರಲಿ. ಬರೀ ಕಪ್ಪು ಶಾಯಿಯಿಂದ ಅಷ್ಟು ದೊಡ್ಡ ಜಾಗ ತುಂಬಿದರೆ ಅದು ಬೂದುಬೂದಾಗಿ ಕಾಣುತ್ತದೆ. ಸಯಾನ್ 60, ಮೆಜೆಂಟಾ 40, ಹಳದಿ 40, ಕಪ್ಪು 100ರಂತೆ ಕೂಡಿಸಿದರೆ ಒಟ್ಟು 240 ಪ್ರತಿಶತವಾಗಿ, ಆಳವಾದ ಕಪ್ಪು ಬರುತ್ತದೆ. ನಾಲ್ಕನ್ನೂ ಸುರಿದು 350, 400ಕ್ಕೆ ಏರಿಸಿದರೆ ಶಾಯಿ ಒಣಗದೆ ಹಿಂದಿನ ಹಾಳೆಗೆ ಅಂಟುತ್ತದೆ. ಇದಕ್ಕೆ ವಿರುದ್ಧವಾಗಿ, ಕೆನೆಬಣ್ಣದ ಮೇಲೆ ಸಣ್ಣ ಕಪ್ಪು ಅಕ್ಷರಗಳೇನಾದರೂ ಇದ್ದರೆ ಅವು ಕಪ್ಪು ಶಾಯಿಯೊಂದರಲ್ಲೇ ಇರಬೇಕು, ನಾಲ್ಕು ಪ್ಲೇಟುಗಳಲ್ಲಿ ಹಂಚಿಹೋದರೆ ಒಂದು ಎಳೆ ಸರಿದರೂ ಅಕ್ಷರಕ್ಕೆ ನೆರಳು ಹುಟ್ಟುತ್ತದೆ.

ಅಕ್ಷರವಿನ್ಯಾಸಿಯವರು ಹೇಳಿದಂತೆ ಎರಡೂ ಪುಟಕ್ಕೆ ಚಿತ್ರ ಹರಡುವುದಾದರೆ ಒಂದು ಮಾತು: ದಪ್ಪ ಆರ್ಟ್ ಕಾರ್ಡಿನ ಮೇಲೆ ಕಡುಬಣ್ಣವಿದ್ದಾಗ ಮಡಿಕೆಯಲ್ಲಿ ಬಣ್ಣ ಬಿರಿದು ಬಿಳಿ ಗೆರೆ ಕಾಣುತ್ತದೆ. ಮೊದಲೇ ಕ್ರೀಸಿಂಗ್ (ಮಡಿಕೆಯ ಗೆರೆಯನ್ನು ಒತ್ತಿಸುವುದು) ಮಾಡಿಸಿ, ಮ್ಯಾಟ್ ಲ್ಯಾಮಿನೇಷನ್ ಹಾಕಿಸುವುದು ಒಳ್ಳೆಯದು.


ಮರುಪ್ರಶ್ನೆ: ಶ್ರೋತೃ (ಮೈಸೂರು)

ಮೂವರಿಗೂ ಕೃತಜ್ಞತೆಗಳು. ಚಿತ್ರವನ್ನು ಈ ಕ್ಷಣವೇ ಮೊದಲಿನಂತೆ ತಿರುಗಿಸಿದೆ. ಸೆರಗಿನ ವಿಷಯ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ, ತೋರಿಸಿದಾಗ ಮನೆಯಾಕೆ ಒಂದು ಕ್ಷಣದಲ್ಲಿ ಗುರುತಿಸಿದರು. ಮೋನೋ ಮಿಕ್ಸರ್‌ನಲ್ಲಿ ಹಸಿರನ್ನು ಏರಿಸಿದ ಕೂಡಲೇ, ಅದುವರೆಗೆ ಗೊಂಬೆಯಂತಿದ್ದ ಮುಖದಲ್ಲಿ ಕಣ್ಣಿನ ಕೆಳಗಿನ ನೆರಳು, ತುಟಿಯ ಬಿಗಿ ಎಲ್ಲವೂ ಮೂಡಿ ಬಂದವು.

ಆದರೆ ಎರಡು ಪುಟಗಳ ಯೋಜನೆ ನಡೆಯುವಂತಿಲ್ಲ. ನಮ್ಮ ಹಿಂದಿನ ರಕ್ಷಾಪುಟವು ಮೊದಲ ಸಂಚಿಕೆಯಿಂದಲೂ ಕಾಫಿಪುಡಿ ಅಂಗಡಿಯೊಂದರ ಜಾಹೀರಾತಿಗೆ ಮೀಸಲು, ಆ ಹಣದಿಂದಲೇ ಕಾಗದದ ಖರ್ಚು ನೀಗುತ್ತದೆ. ಕಾರ್ಯದರ್ಶಿಗಳನ್ನು ಕೇಳಿದ್ದಕ್ಕೆ ಅವರು ನಕ್ಕು ಸುಮ್ಮನಾದರು. ಹಾಗಾಗಿ ಮುಂದಿನ ಪುಟವೊಂದರಲ್ಲೇ ಎಲ್ಲವನ್ನೂ ಮುಗಿಸಬೇಕಾಗಿದೆ. ಕಲಾವಿದೆಯ ತಲೆ ಪತ್ರಿಕೆಯ ಹೆಸರನ್ನು ಸ್ವಲ್ಪ ಮರೆಮಾಡಿ ಮುಂದೆ ಬಂದಂತೆ, ದೊಡ್ಡ ಪತ್ರಿಕೆಗಳಲ್ಲಿ ಕಾಣುವ ಹಾಗೆ, ಲೇಯರ್ ಮಾಸ್ಕ್ (ಪದರದ ಬೇಕಾದ ಭಾಗವನ್ನಷ್ಟೇ ತೋರಿಸುವ ಮುಸುಕು) ಹಾಕಿ ಮಾಡಬಹುದೇ ಎಂಬುದೂ ನನ್ನ ಪ್ರಶ್ನೆ.


ಉತ್ತರ: ಅಕ್ಷರವಿನ್ಯಾಸಿ (ಬೆಂಗಳೂರು)

ಕಾಫಿಪುಡಿಯ ಮುಂದೆ ಯಾವ ವಿನ್ಯಾಸವೂ ನಿಲ್ಲುವುದಿಲ್ಲ, ಒಪ್ಪಿದೆ. ಹಾಗಾದರೆ ವೈಣಿಕ ವಿದ್ಯಾರ್ಥಿನಿಯವರು ಹಾಕಿಕೊಟ್ಟ ಗೆರೆಯನ್ನೇ ಹಿಡಿಯೋಣ. ಎಡಗಡೆ 1100 ಪಿಕ್ಸೆಲ್ ಕತ್ತರಿಸಿದರೆ ಕೊಡದ ಹೊರ ಅಂಚು ಮಾತ್ರ ಹೋಗಿ ಕುದುರೆ ಉಳಿಯುತ್ತದೆ ಎಂದು ನೀವು ಕೊಟ್ಟ ಅಳತೆಯಿಂದ ಊಹಿಸುತ್ತೇನೆ. ಕತ್ತರಿಸುವ ಮುನ್ನ ಚಿತ್ರ ನೋಡಿ ಖಚಿತಪಡಿಸಿಕೊಳ್ಳಿ. ಬಲಗಡೆ ಯಾಳಿಯ ಆಚೆಗಿರುವ ಕತ್ತಲಲ್ಲಿ 500 ಪಿಕ್ಸೆಲ್ ಬಿಡಿ. ಉಳಿಯುವ 4400 ಪಿಕ್ಸೆಲ್ ಅಗಲವನ್ನು 2551ಕ್ಕೆ ಇಳಿಸಿದಾಗ ಚಿತ್ರದ ಎತ್ತರ ಸುಮಾರು 196 ಮಿ.ಮೀ. ಆಗುತ್ತದೆ, ಮೇಲೆ 107 ಮಿ.ಮೀ. ಉಳಿಯುತ್ತದೆ. ಮುಖವು ನಡುವಿನಿಂದ ತುಸು ಎಡಕ್ಕೆ ಸರಿದು, ಯಾಳಿಯ ಮೇಲ್ಭಾಗದ ಬಲಗಡೆ ವಿಶೇಷಾಂಕದ ಶೀರ್ಷಿಕೆಗೆ ಒಂದು ಮೂಲೆ ತಾನಾಗಿ ದೊರೆಯುತ್ತದೆ. ಚಿತ್ರದ ಮೇಲಂಚು ಕತ್ತಲೊಂದಿಗೆ ಬೆರೆಯಲು ಲೇಯರ್ ಮಾಸ್ಕ್ ಮೇಲೆ ಕಪ್ಪಿನಿಂದ ಬಿಳಿಗೆ ಗ್ರೇಡಿಯಂಟ್ ಎಳೆದರೆ ಸಾಕು. ಬಳಿಕ ಇಡೀ ಪುಟಕ್ಕೆ ಅತ್ಯಲ್ಪ ನಾಯ್ಸ್ (ಸಣ್ಣ ಕಾಳುಗಳ ಚದುರಿಕೆ) ಸೇರಿಸಿ. ಇಲ್ಲವಾದರೆ ಅಚ್ಚಿನಲ್ಲಿ ಕತ್ತಲು ಪಟ್ಟೆಪಟ್ಟೆಯಾಗಿ ಕಾಣುವ ಸಂಭವವಿದೆ.

ತಲೆ ಹೆಸರನ್ನು ಮರೆಮಾಡುವ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಇಂಗ್ಲಿಷ್ ಪತ್ರಿಕೆಗಳನ್ನು ನೋಡಿ ನಾವು ಹೆಚ್ಚಾಗಿ ಎಡವುವುದು ಇಲ್ಲಿಯೇ. ರೋಮನ್ ದೊಡ್ಡಕ್ಷರಗಳ ಕೆಳಗಿನ ಅರ್ಧ ಮುಚ್ಚಿದರೂ ಮೇಲರ್ಧದಿಂದ ಹೆಸರನ್ನು ಓದಿಬಿಡಬಹುದು. ಕನ್ನಡದಲ್ಲಿ ಹಾಗಲ್ಲ, ತಲೆಕಟ್ಟು ಬಹುತೇಕ ಅಕ್ಷರಗಳಿಗೂ ಒಂದೇ ಆಗಿರುವಾಗ ಅಕ್ಷರವನ್ನು ಬೇರ್ಪಡಿಸುವ ಗುರುತುಗಳು ಹೊಟ್ಟೆಯಲ್ಲೂ ಬುಡದಲ್ಲೂ ಇರುತ್ತವೆ. ದಕಾರಕ್ಕೂ ಧಕಾರಕ್ಕೂ, ಬಕಾರಕ್ಕೂ ಭಕಾರಕ್ಕೂ ಇರುವ ವ್ಯತ್ಯಾಸವೆಲ್ಲ ಬುಡದ ಒಂದು ಸೀಳು. ಒತ್ತಕ್ಷರವಂತೂ ಪೂರ್ತಿ ಕೆಳಗೇ ಇಳಿದಿರುತ್ತದೆ. ತಲೆ ಯಾವಾಗಲೂ ಕೆಳಗಿನಿಂದಲೇ ಮೇಲೇರುವುದರಿಂದ ಅದು ಮೊದಲು ನುಂಗುವುದು ಈ ಗುರುತುಗಳನ್ನೇ. ಮಾಡಲೇಬೇಕೆಂದಿದ್ದರೆ ಹೆಸರಿನಲ್ಲಿ ಒತ್ತೂ ಸೀಳೂ ಇಲ್ಲದ ಅಕ್ಷರ ಎಲ್ಲಿ ಬರುತ್ತದೆಯೋ ನೋಡಿ, ಅದರ ಕೆಳಗೆ ತಲೆ ಬರುವಂತೆ ಹೆಸರನ್ನು ಸರಿಸಿ, ಬುಡದ ಕಾಲುಭಾಗ ಮಾತ್ರ ಮುಚ್ಚಿ. ನಿಮ್ಮ ಹೆಸರಿನಲ್ಲಿ ಎರಡು ಒತ್ತುಗಳಿವೆ ಎಂದಿರುವುದರಿಂದ ನಾನಾಗಿದ್ದರೆ ಆ ಆಸೆಯನ್ನು ಬಿಡುತ್ತಿದ್ದೆ.

ಅಕ್ಷರಗಳ ನಡುವಿನ ಅಂತರ ಹೆಚ್ಚಿಸಿದಾಗ ಮುಜುಗರವಾಗಲು ಕಾರಣವೂ ನಮ್ಮ ಲಿಪಿಯಲ್ಲಿಯೇ ಇದೆ. ‘ವೀಣೆ’ ಎಂದು ಬರೆದು ಅಂತರ ಹೆಚ್ಚಿಸಿದರೆ ದೀರ್ಘದ ಗುರುತು ‘ವಿ’ ಅಕ್ಷರವನ್ನು ಬಿಟ್ಟು ದೂರ ನಿಂತುಬಿಡಬಹುದು. ‘ಪರ್ವ’ ಎಂದರೆ ಅರ್ಕಾವತ್ತು ಒಂಟಿಯಾಗುತ್ತದೆ. ಆದ್ದರಿಂದ ಅಂತರವನ್ನು ಸೊನ್ನೆಗೆ ತಂದು, ಅಗಲ ಬೇಕಾದರೆ ಅಗಲವಾದ ಅಚ್ಚನ್ನೇ (ಫಾಂಟನ್ನೇ) ಆರಿಸಿ. ಅನೇಕ್ ಕನ್ನಡ ಎಂಬ ಮುಕ್ತ ಅಚ್ಚು ಕಿರಿದಾದ ರೂಪದಿಂದ ಅಗಲವಾದ ರೂಪದವರೆಗೆ ಹಲವು ಬಗೆಗಳಲ್ಲಿ ದೊರೆಯುತ್ತದೆ. ಪರಂಪರೆಯ ಛಾಯೆ ಬೇಕಾದರೆ ಟೀರೋ ಕನ್ನಡ ನೋಡಿ. ಬಲೂ ತಮ್ಮ ಮುದ್ದಾಗಿದೆ, ಆದರೆ ಮಕ್ಕಳ ಪತ್ರಿಕೆಗೆ. ಹೆಸರಿನ ಕೆಳಗೆ ಉಪಶೀರ್ಷಿಕೆ ಇದ್ದರೆ ನಡುವೆ ಅಕ್ಷರದ ಎತ್ತರದ ಅರ್ಧದಷ್ಟಾದರೂ ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ.

ಗಿಂಪ್‌ನಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿಯೇ ಮೂಡುತ್ತದೆ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಟೈಪ್ ಆಯ್ಕೆಗಳೊಳಗೆ ಹೋಗಿ ದಕ್ಷಿಣ ಏಷ್ಯಾದ ಲಿಪಿಗಳ ಜೋಡಣೆಯನ್ನು ಆರಿಸದಿದ್ದರೆ ಒತ್ತುಗಳು ಬಿಡಿಬಿಡಿಯಾಗಿ ಬೀಳುತ್ತಿದ್ದವು, ಆ ಕಷ್ಟ ನಿಮಗಿಲ್ಲ. ಆದರೂ ಹೆಸರೊಂದನ್ನು ಬಿಟ್ಟು ಉಳಿದ ಸಣ್ಣ ಬರಹಗಳನ್ನು, ಎಂದರೆ ಸಂಪುಟ, ಸಂಚಿಕೆ, ತಿಂಗಳು, ಬೆಲೆ, ಒಳಗಿನ ಲೇಖನಗಳ ಹೆಸರುಗಳನ್ನು ಗಿಂಪ್‌ನಲ್ಲಿ ಬರೆಯಬೇಡಿ. ಅಲ್ಲಿ ಅವು ಚಿತ್ರದೊಳಗೆ ಪಿಕ್ಸೆಲ್‌ಗಳಾಗಿ ಕರಗಿ ಅಂಚು ಮಸುಕಾಗುತ್ತವೆ. ಈ ಸಣ್ಣ ಬರಹಗಳಿಲ್ಲದ ಚಿತ್ರವನ್ನು ಟಿಫ್ ಕಡತವಾಗಿ ಉಳಿಸಿ, ಪುಟವಿನ್ಯಾಸದ ಉಚಿತ ತಂತ್ರಾಂಶವಾದ ಸ್ಕ್ರೈಬಸ್ 1.6ರಲ್ಲಿ ತೆರೆದು, ಅದರ ಮೇಲೆ ಬರಹವನ್ನು ಕೂಡಿಸಿ ಪಿಡಿಎಫ್ ಮಾಡಿ. ಸ್ಕ್ರೈಬಸ್‌ನ 1.4ರ ಸರಣಿಯಲ್ಲಿ ಕನ್ನಡ ಸರಿಬಾರದು.


ಉತ್ತರ: ಅಚ್ಚಿನಮನೆ (ಹುಬ್ಬಳ್ಳಿ)

ಮೇಲಿನದಕ್ಕೆ ಎರಡು ಸೇರ್ಪಡೆಗಳಿವೆ. ಕಡುಕಪ್ಪಿನ ಮೇಲೆ ಬಿಳಿಯ ಅಕ್ಷರಗಳು ಬರುವಲ್ಲಿ ಅಳತೆ 9 ಪಾಯಿಂಟ್‌ಗಿಂತ ಕೆಳಗೆ ಇಳಿಯದಿರಲಿ, ತೆಳುವಾದ ಅಚ್ಚೂ ಬೇಡ. ಸುತ್ತಲಿನ ಶಾಯಿ ಹರಡಿ ಮೊದಲು ಮುಚ್ಚಿಹೋಗುವುದು ಒತ್ತಕ್ಷರದ ಹೊಟ್ಟೆಯೇ. ಇನ್ನು ಕಡತವನ್ನು ಕಳುಹಿಸುವಾಗ ಅಕ್ಷರಗಳನ್ನೆಲ್ಲ ಔಟ್‌ಲೈನ್‌ಗೆ (ಫಾಂಟ್ ಬೇಡದ ಬರಿಯ ಆಕಾರಗಳಿಗೆ) ಪರಿವರ್ತಿಸಿ ಅಥವಾ ಪಿಡಿಎಫ್‌ನೊಳಗೆ ಫಾಂಟ್ ಅಡಕವಾಗಿದೆಯೇ ನೋಡಿ. ಜಿಲ್ಲಾ ಕೇಂದ್ರಗಳ ಅನೇಕ ಮುದ್ರಣಾಲಯಗಳಲ್ಲಿ ಇಂದಿಗೂ ನುಡಿಯ ಅಥವಾ ಶ್ರೀಲಿಪಿಯ ಹಳೆಯ ಸಂಕೇತದ ಫಾಂಟುಗಳಲ್ಲೇ ಕೆಲಸ ನಡೆಯುತ್ತಿದ್ದು, ಯೂನಿಕೋಡ್ ಕಡತವನ್ನು ಅಲ್ಲಿ ತೆರೆದು ‘ಒಂದು ಚಿಕ್ಕ ತಿದ್ದುಪಡಿ’ ಮಾಡಲು ಹೋದವರು ಇಡೀ ಸಾಲನ್ನು ಚೆಲ್ಲಾಪಿಲ್ಲಿ ಮಾಡಿದ್ದನ್ನು ನಾನೇ ಕಂಡಿದ್ದೇನೆ.

ಕೊನೆಗೆ ಒಂದು ಡಿಜಿಟಲ್ ಪ್ರತಿಯನ್ನು ಅದೇ ಆರ್ಟ್ ಕಾರ್ಡಿನ ಮೇಲೆ ತೆಗೆಸಿ, ಮಧ್ಯಾಹ್ನ ಕಿಟಕಿಯ ಬೆಳಕಿನಲ್ಲಿ ನೋಡಿ. ಕತ್ತಲಿನ ಭಾಗ ಪರದೆಗಿಂತ ದಟ್ಟವಾಗಿ ಬಂದು ಕೂದಲೂ ಹಿನ್ನೆಲೆಯೂ ಒಂದಾಗಿ ಹೋಗಿರುವ ಸಾಧ್ಯತೆ ಹೆಚ್ಚು. ಹಾಗಾಗಿದ್ದರೆ ಕರ್ವ್ಸ್‌ನಲ್ಲಿ ನೆರಳಿನ ತುದಿಯನ್ನು ತುಸು ಮೇಲೆತ್ತಿ ಮತ್ತೊಂದು ಪ್ರತಿ ತೆಗೆಸಿ.


ಉತ್ತರ: ಶ್ರೋತೃ (ಮೈಸೂರು)

ಪ್ರತಿ ತೆಗೆಸಿ ನೋಡಿದೆ. ತಾವು ಹೇಳಿದಂತೆಯೇ ಜಡೆ ಕತ್ತಲಲ್ಲಿ ಕರಗಿಹೋಗಿತ್ತು, ಎರಡನೆಯ ಪ್ರತಿಯಲ್ಲಿ ಕಾಣಿಸಿತು. ಮೆಟ್ಟಿಲುಗಳನ್ನು ಎಣಿಸಿದ್ದೇನೆ: 22 ಕಾಣುತ್ತವೆ, ಉಳಿದೆರಡು ಎಡಗೈಯ ಹಿಂದಿವೆ.